ಸದ್ಯಕ್ಕೆ ಕೂರಿಸಿದ ಗಂಟು

ಗಂಟಣ್ಣ ಕೂರಿಸಿದ ಗಂಟಿಗೆ ಆನೆಯ ಬಾಲ ಕಟ್ಟಿ ಎಳೆಸಿದರೆ ಬಾಲ ಕಿತ್ತು ಬರಬೇಕೇ ಹೊರತು ಗಂಟು ಜಪ್ಪಯ್ಯ ಅನ್ನುವುದಿಲ್ಲ. ಇದು ಅವನದೇ ಮಾತು, ದಿನಕ್ಕೊಂದು ಆನೆ ಹೆಚ್ಚಾಗುತ್ತಿತ್ತು. ಗಡ್ಡಕ್ಕೆ ನೊರೆ ಹಚ್ಚುವ ಬ್ರಷ್ಷು ಮಾಡುವುದು ಅವನ ಕಸುಬು. ಮರದ ಹಿಡಿ ಕಡೆದು, ಕೂದಲನ್ನು ಗಂಟು ಕಟ್ಟಿ, ಹಿಡಿಯ ತೂತಿಗೆ ಅಂಟು ಹಾಕಿ ಕೂರಿಸುತ್ತಾನೆ. ಹೆಸರು ಬಂದದ್ದು ಅದರಿಂದಲೋ, ಸದಾ ಗಂಟಿಕ್ಕಿದ ಮುಖದಿಂದಲೋ, ಹೇಳುವುದು ಕಷ್ಟ.

ಅಂಟು ಹಾಕುವ ಮುಂಚೆ ಗಂಟನ್ನು ಸದ್ಯಕ್ಕೆ ಅಂತ ಕೂರಿಸಿ ನೋಡಬೇಕು. ಬುಡಕ್ಕೆ ಎರಡು ಸುತ್ತು ದಾರ, ಚೂರು ಮೇಣ, ಅಷ್ಟೇ. ತೀರ ಮೇಲಿದ್ದರೆ ಕೂದಲು ಸೋತು ಬೀಳುತ್ತದೆ, ತೀರ ಒಳಗಿದ್ದರೆ ಮುಳ್ಳಾಗುತ್ತದೆ. ಆ ತೀರ್ಪು ಹೆಂಡತಿಯದು. ಅಂಗೈ ಮೇಲೆ ಒಮ್ಮೆ ಆಡಿಸಿ, ಒಂದು ನೂಲಿನಷ್ಟು ಕೆಳಗೆ ಅನ್ನುವಳು. ಆಮೇಲೆ ದೇವರೇ ಬಂದು ಎರಡು ನೂಲು ಅಂದರೂ ಗಂಟಣ್ಣ ಕೇಳುತ್ತಿರಲಿಲ್ಲ.

ತನಗೇ ಅಂತ ಮಾಡಿಕೊಂಡ ಬ್ರಷ್ಷನ್ನು ಒಂದು ಸಂಜೆ ಅವಳ ಕೈಗಿತ್ತ. "ಸದ್ಯಕ್ಕೆ ಹೀಗೇ ಇರ್ಲಿ. ಬೆಳಿಗ್ಗೆ ಬೆಳಕಲ್ಲಿ ನೋಡಿ ಹೇಳ್ತೀನಿ" ಅಂದು ಮಲಗಿದಳು. ಬೆಳಿಗ್ಗೆ ಏಳಲಿಲ್ಲ.

ಅಂದಿನಿಂದ ಅದು ಹಾಗೇ ಇದೆ. ಬಿಸಿನೀರಿಗೆ ಮೇಣ ಕರಗುತ್ತದೆಂದು ಗಂಟಣ್ಣ ಚಳಿಗಾಲದಲ್ಲೂ ತಣ್ಣೀರಲ್ಲೇ ಗಡ್ಡ ಮಾಡಿಕೊಳ್ಳುತ್ತಾನೆ. ಆ ನೀರಿಗೆ ಹೆದರಿ ಅರ್ಧ ಗಡ್ಡ ತಾನಾಗಿಯೇ ಒಳಕ್ಕೆ ಸರಿಯುತ್ತದಂತೆ. ಎದುರಿನ ಕ್ಷೌರದಂಗಡಿಯವನು ಇವನನ್ನು ಜಿಪುಣ ಎಂದು ಬೀದಿಗೆಲ್ಲ ಸಾರಿದ್ದಾನೆ. ಗಂಟಣ್ಣ ತಿದ್ದಲು ಹೋಗಿಲ್ಲ. ಒಂದು ತಟ್ಟೆ, ಒಂದು ಲೋಟ, ಗೋಡೆಯ ಜೊತೆ ಎರಡು ಮಾತು. ನೋಡಿದವರಿಗೆ ಜಿಪುಣತನದ ಹಾಗೇ ಕಾಣುತ್ತದೆ.

ಮೊನ್ನೆ ಹಿಡಿ ಕಡೆಯುವ ಲೇತು ಮೆಷಿನ್ನು ಅರಚುತ್ತಿದ್ದಾಗ ಆ ಕ್ಷೌರದವನು ಕಿಟಕಿಯಲ್ಲಿ ತಲೆ ಹಾಕಿ ಏನೋ ಕೇಳಿದ. ಗಂಟಣ್ಣ ಕೇಳಿಸದೆಯೇ ತಲೆಯಾಡಿಸಿದ. ಕಿಟಕಿಯ ಮೇಲಿದ್ದ ಆ ಬ್ರಷ್ಷು ಅವನ ಕೈಯಲ್ಲಿ ಬೀದಿ ದಾಟಿತು. ಅಲ್ಲಿ ಬಿಸಿನೀರಿಗೆ ಅದ್ದಿ ಒಬ್ಬ ಗಿರಾಕಿಯ ಗಲ್ಲಕ್ಕೆ ಎರಡು ಸುತ್ತು ತಿರುವಿದ್ದೇ ತಡ, ಹಿಡಿ ಕ್ಷೌರದವನ ಕೈಯಲ್ಲಿ, ಗಂಟು ಗಿರಾಕಿಯ ಗಲ್ಲದಲ್ಲಿ, ಹೋತದ ಗಡ್ಡದ ಹಾಗೆ.

ಎರಡನ್ನೂ ಹಿಡಿದು ಬಂದ. "ಆನೆ ಎಳೆದ್ರೂ ಬರಲ್ಲ ಅಂತಿದ್ದೆ ನೀನು. ಗಿರಾಕಿ ಆಕಳಿಸಿದ್ದಕ್ಕೇ ಬಂತಲ್ಲೋ ಮಾರಾಯ."

ಅಷ್ಟಕ್ಕೇ ಬಿಡದೆ ಉಪಕಾರಕ್ಕೆಂದು ಅಂಟಿನ ಡಬ್ಬಿ ತೆರೆದು ಕಡ್ಡಿ ಅದ್ದಿದ. ಗಂಟಣ್ಣ ಹಿಡಿಯನ್ನೂ ಗಂಟನ್ನೂ ಕಿತ್ತುಕೊಂಡ. ದಾರ ಬಿಚ್ಚಿಹೋಗಿತ್ತು. ಅವಳು ನೋಡಿದ್ದ ಎತ್ತರ ಯಾವುದು? ಬುಡದ ಕೂದಲಲ್ಲಿ, ಹಿಡಿಯ ಬಾಯಿ ತಾಗುತ್ತಿದ್ದ ಕಡೆ, ಹಳೆ ಸೋಪಿನ ಸಣ್ಣ ಗೆರೆಯೊಂದು ಉಳಿದಿತ್ತು. ಹೊಸ ದಾರ ಸುತ್ತಿದ, ಮೇಣ ಒತ್ತಿದ, ಆ ಗೆರೆ ಹಿಡಿಯ ಬಾಯಿಗೆ ಸರಿಯಾಗಿ ಮುಟ್ಟುವವರೆಗೆ ಮೆಲ್ಲಗೆ ಇಳಿಸಿದ. ಆಮೇಲೆ ಅವಳು ಮಲಗುವ ಮುಂಚೆ ಅಂದದ್ದನ್ನು ಅವನಿಗೆ ಹೇಳಿದ, ಮೊದಲ ಸಲ.

ಕ್ಷೌರದವನು ಡಬ್ಬಿಯ ಮುಚ್ಚಳ ಹಾಕಿದ. "ಆದ್ರೂ ಸದ್ಯಕ್ಕೆ, ಸದ್ಯಕ್ಕೆ ಅಂತ ಎಷ್ಟು ದಿನ ಇಡ್ತೀಯೋ?" ಎಂದ.

ಗಂಟಣ್ಣ ಬ್ರಷ್ಷನ್ನು ಕಿಟಕಿಯ ಮೇಲೆ ನಿಲ್ಲಿಸಿದ.

"ನಿನ್ನನ್ನೇನು ಈ ಭೂಮಿ ಮೇಲೆ ಅಂಟು ಹಾಕಿ ಕೂರಿಸಿದಾರೇನೋ?"