ಸೆರಗಿನ ತುದಿಯ ಫ್ಯೂಸು

ಅವ್ವನ ಸೆರಗಿನ ತುದಿ ಎಷ್ಟು ಇಸ್ತ್ರಿ ಮಾಡಿದರೂ ನೆಟ್ಟಗಾಗುತ್ತಿರಲಿಲ್ಲ. ಗಂಟು ಹಾಕಿ ಬಿಚ್ಚಿ, ಮತ್ತೆ ಗಂಟು ಹಾಕಿ ಆ ಮೂಲೆ ಒಣಗಿದ ವೀಳ್ಯದೆಲೆಯಂತೆ ಮುದುಡಿಕೊಂಡಿತ್ತು. ಎಲೆಅಡಿಕೆ, ಬೀಗದಕೈ, ಬಸ್ಸಿನ ಚಿಲ್ಲರೆ ಎಲ್ಲಕ್ಕೂ ಅದೇ ಪೆಟ್ಟಿಗೆ. ಮನೆಯಲ್ಲಿ ಯಾರಾದರೂ ಕರೆಂಟಿನ ಕೆಲಸಕ್ಕೆ ಕೈಹಾಕಿದರೆ ಮಾತ್ರ ಅದೆಲ್ಲ ಖಾಲಿಯಾಗಿ, ಮೀಟರ್ ಬೋರ್ಡಿನ ಬಿಳಿ ಪಿಂಗಾಣಿ ಫ್ಯೂಸು ಆ ಗಂಟು ಸೇರುತ್ತಿತ್ತು.

ಅವ್ವ ಗುಂಡ್ಲುಪೇಟೆಯಲ್ಲಿ ನಮಗೆ ಬಾಡಿಗೆಗೆ ಮನೆ ಕೊಟ್ಟವರು. ಈರುಳ್ಳಿ ಮಂಡಿಗಳ ಹಿಂದಿನ ಬೀದಿ. ನಡುಮನೆಯ ಒಂದು ಪಕ್ಕದ ಎರಡು ಕೋಣೆ ನಮಗೆ. ಇನ್ನೊಂದು ಪಕ್ಕದಲ್ಲಿ ಅವ್ವ ಮತ್ತು ಅವರ ತಮ್ಮನ ಮಗ. ಅವನು ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದ. ಬೀದಿಯವರೆಲ್ಲ ಅವ್ವ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ಒಂದು ಬಲ್ಬಿನ ಹೋಲ್ಡರ್ ಬದಲಿಸಬೇಕಾದರೂ ಅವ್ವನ ಕಾನೂನು ಬೇರೆಯೇ. ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದು. ಫ್ಯೂಸು ಕಿತ್ತು, ಸೆರಗಿಗೆ ಕಟ್ಟಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸಿಲ ಬಳಿ ಮಣೆ ಹಾಕಿಕೊಂಡು ಕೂರುವರು. ಕೆಲಸ ಮಾಡಿದವರು ಇಳಿದು ಬಂದು ಅವರೆದುರು ನಿಲ್ಲಬೇಕು.

“ಎಲ್ಲಿ, ಕೈ ತೋರ್ಸಪ್ಪ. ಎರಡೂವೆ. ಮಡ್ಚು. ಬುಡ್ಸು. ಹೂಂ.”

ಆಮೇಲೆ ಗಂಟು ಬಿಚ್ಚುವರು. ಒಮ್ಮೆ ಕೈ ನೋಡಿದ ಸಡಗರದಲ್ಲಿ ಗಂಟು ಬಿಚ್ಚುವುದನ್ನೇ ಮರೆತು, ಫ್ಯೂಸಿನ ಸಮೇತ ಹರವೆ ಊರಿನ ಬಸ್ಸು ಹತ್ತಿಬಿಟ್ಟರು. ಸಂಜೆ ವಾಪಸು ಬಂದವರು, ರುಬ್ಬದೆ ಉಳಿದ ನನ್ನ ದೋಸೆಯ ಅಕ್ಕಿಯನ್ನು ನೋಡಿ, “ಅಯ್ಯೋ, ಕರೆಂಟು ನನ್ ಸೊಂಟದಲ್ಲೇ ಅದೆ ಕಣಮ್ಮಿ!” ಎಂದು ಬಿದ್ದೂ ಬಿದ್ದೂ ನಕ್ಕರು. ನನಗೆ ಸಿಟ್ಟು ಬಂದಿತ್ತು. ಮುದುಕಿಯ ಭಯಕ್ಕೆ ಮದ್ದಿಲ್ಲ ಎಂದು ಗೊಣಗಿಕೊಂಡೆ.

ನಡುಮನೆಯ ತೊಲೆಗೆ ಹೊಡೆದ ದೀಪ ಕಣ್ಣು ಮಿಟುಕಿಸಲು ಶುರುಮಾಡಿದಾಗ ಹೊಸ ಟ್ಯೂಬ್‌ಲೈಟ್ ಹಾಕೋಣವೆಂದು ನಮ್ಮ ಮನೆಯವರು ಹೊರಟರು. “ಉರೀತಾ ಅದಲ್ಲಪ್ಪ, ಬುಡು” ಎಂದು ಅವ್ವ ಬಹಳ ಅಡ್ಡ ಹಾಕಿದರು. ಹೋಲ್ಡರಿನ ಬುಡ ಸುಟ್ಟು ಕರ್ರಗಾಗಿದ್ದನ್ನು ತೋರಿಸಿದ ಮೇಲೆ ಒಪ್ಪಿ, ಎಂದಿನಂತೆ ಫ್ಯೂಸು ಕಟ್ಟಿಕೊಂಡು ಕೂತರು. ನಾನು ಏಣಿ ಹಿಡಿದಿದ್ದೆ. ಬಟ್ಟೆ ಸುತ್ತಿದ ಹಳೇ ವೈರು. ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ನಮ್ಮ ಮನೆಯವರ ಎರಡೂ ಕೈಯಲ್ಲಿ ಬರಿಯ ತಂತಿ.

ಅಷ್ಟರಲ್ಲಿ ತಮ್ಮನ ಮಗ ಲಾರಿ ನಿಲ್ಲಿಸಿ ಹಿತ್ತಿಲ ಬಾಗಿಲಿನಿಂದ ತನ್ನ ಕೋಣೆಗೆ ಬಂದ. ಫೋನು ಚಾರ್ಜಿಗೆ ಹಾಕಿ ನೋಡಿದ್ದಾನೆ, ಕರೆಂಟಿಲ್ಲ. ಪಡಸಾಲೆಯಿಂದ “ಯಾರವ್ವ ಮೇನು ಆಪ್ ಮಾಡಿರದು?” ಎಂಬ ಕೂಗೂ, ಮೇನಿನ ಹಿಡಿ ಟಪ್ಪೆಂದು ಮೇಲಕ್ಕೆ ಹೋದ ಸದ್ದೂ ಒಟ್ಟಿಗೇ ಕೇಳಿದವು.

ನಾನು ತಲೆಯೆತ್ತಿ ನೋಡಿದೆ. ಮೇಲೆ ಅವರು ತಂತಿ ಹಿಡಿದು ಹಾಗೇ ನಿಂತಿದ್ದರು. ಏನೂ ಆಗಲಿಲ್ಲ. ಅವ್ವ ಎರಡೂ ಕೈಯಲ್ಲಿ ಸೊಂಟದ ಗಂಟನ್ನು ಅಮುಕಿ ಹಿಡಿದಿದ್ದರು.

ನಡೆದದ್ದು ತಿಳಿದು ತಮ್ಮನ ಮಗ ಅಲ್ಲೇ ಕುಸಿದು ಅಳತೊಡಗಿದ. ಅವ್ವ ಅವನ ತಲೆ ಸವರಿ, “ಬುಡ್ಲಾ, ನಿನಗೇನ್ ಗೊತ್ತಿತ್ತು” ಎಂದರಷ್ಟೆ. ಹೊಸ ದೀಪ ಉರಿದ ಮೇಲೆ, ಅದರ ಬೆಳಕಲ್ಲಿ ನನ್ನ ಪಕ್ಕ ಕೂತು ಹೇಳಿದರು.

“ನಾನು ಆಗಿನ್ನೂ ಮದ್ವೆಯಾಗಿ ಬಂದ ಹೊಸ್ದು ಕಣಮ್ಮಿ. ನಮ್ಮೆಜಮಾನ್ರು ಇದೇ ತೊಲೆ ತಾವ ದೀಪ ಕಟ್ತಿದ್ರು. ಒಳಗೆ ಕತ್ಲು ಅಂತ ನಾನೇ ಓಗಿ ಮೇನು ಆಕ್ಬುಟ್ಟೆ.”

ಜೀವ ಉಳಿಯಿತು, ಬಲಗೈ ಮಾತ್ರ ಮತ್ತೆಂದೂ ಮಡಚಲು ಬರಲಿಲ್ಲ. ಅವರು ಇರುವವರೆಗೂ ಅವ್ವನೇ ಮುದ್ದೆ ಮುರಿದು ಉಣ್ಣಿಸಿದರಂತೆ.

“ಒಂದ್ ದಿನಾನೂ ನನ್ನ ಬಯ್ಲಿಲ್ಲ. ಬಯ್ದಿದ್ರೆ ಒಸಿ ಅಗುರಾಗ್ತಿತ್ತು.”

ನಾನು ಅವರ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ.

ಆಮೇಲೆ ನಾವು ಚಾಮರಾಜನಗರಕ್ಕೆ ಮನೆ ಬದಲಿಸಿದೆವು. ಅವ್ವ ಹಾಸಿಗೆ ಹಿಡಿದಿದ್ದಾರೆಂದು ತಮ್ಮನ ಮಗ ಫೋನು ಮಾಡಿದಾಗ ಇಬ್ಬರೂ ಹೋದೆವು. ನಡುಮನೆಯಲ್ಲಿ ಅದೇ ಟ್ಯೂಬ್‌ಲೈಟಿನ ಕೆಳಗೆ ಮಂಚ ಹಾಕಿದ್ದ. ಅವ್ವನಿಗೆ ಗುರುತು ಹತ್ತಲಿಲ್ಲ. ನಾನು ಹೆಸರು ಹೇಳಿದೆ, ಬೀದಿ ಹೇಳಿದೆ, ಬಸ್ಸಿನ ಕತೆ ಹೇಳಿದೆ. ಆಗ ನಮ್ಮ ಮನೆಯವರು ಮಂಚದ ಪಕ್ಕ ನಿಂತು, ಯಾರೂ ಕೇಳದೆಯೇ, ಎರಡೂ ಕೈ ಮುಂದೆ ಚಾಚಿದರು. ಮಡಚಿದರು. ಬಿಡಿಸಿದರು.

ಅವ್ವ ಅವರ ಬಲಗೈಯನ್ನು ಹಿಡಿದುಕೊಂಡು ಒಂದೊಂದೇ ಬೆರಳು ಮಡಚಿ ನೋಡಿದರು. ಇನ್ನೊಂದು ಕೈ ಸೆರಗಿನ ತುದಿಯನ್ನು ಹುಡುಕುತ್ತಿತ್ತು. ನನ್ನ ಕಡೆ ತಿರುಗಿ, “ಎಲ್ಲಾ ಸರ್ಯಾಗದೆ. ಇನ್ನ ಫ್ಯೂಜು ಆಕಮ್ಮಿ” ಎಂದರು.

“ಹಾಕ್ದೆ ಕಣವ್ವ” ಎಂದೆ.

ಆ ವಾರವೇ ಅವ್ವ ಹೋದರು. ಈಗಲೂ ಊಟಕ್ಕೆ ಕೂತಾಗ ನಮ್ಮ ಮನೆಯವರು ಮುದ್ದೆ ಮುರಿಯುವುದನ್ನೇ ನೋಡುತ್ತಿರುತ್ತೇನೆ. ಅದು ಅವ್ವ ಉಳಿಸಿಕೊಟ್ಟ ಕೈ.