ಹುಲ್ಲು ತೊಳೆದು ತಿನ್ನುವ ಆನೆ

ಪಾತ್ರೆಗೆ ಕಲಾಯಿ ಹಾಕುವಾಗ ಏಳುವ ನವಸಾಗರದ ಹೊಗೆಯ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಈಗಲೂ ಹಬ್ಬ ಬಂತೆನಿಸುತ್ತದೆ. ಕಲಾಯಿಯವರ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಪ್ಪು ಹಿಡಿದ ತಾಮ್ರದ ಪಾತ್ರೆಯ ಒಳಗು ಬೆಳ್ಳಗೆ ಬೆಳಗುವುದನ್ನು ಬಾಯಿಬಿಟ್ಟುಕೊಂಡು ನೋಡಿದ್ದರೆ ನೀವೂ ಆ ವಾಸನೆಯನ್ನು ಮರೆತಿರಲಾರಿರಿ. ಹೆಗ್ಗಡದೇವನಕೋಟೆಯಲ್ಲಿ ನಮ್ಮದು ಕಲಾಯಿಯವರ ಮನೆ. ರಂಜಾನ್ ಮುಗಿಯುವ ಹೊತ್ತಿಗೆ ಅರ್ಧ ಊರಿನ ಪಾತ್ರೆಗಳು ನಮ್ಮ ಜಗಲಿಯ ಮೇಲಿರುತ್ತಿದ್ದವು. ಹಬ್ಬದ ಮಾರನೆಯ ದಿನಕ್ಕೆ ನಾವು ಬಾಸಿ ಈದ್ ಎನ್ನುತ್ತಿದ್ದೆವು. ಅಂದು ಅಬ್ಬಾ ಕೆಲಸಕ್ಕೆ ರಜೆ ಹಾಕಿ, ಮನೆಮಂದಿಯನ್ನೆಲ್ಲ ಎತ್ತಿನ ಗಾಡಿಗೆ ತುಂಬಿಕೊಂಡು ಕಬಿನಿ ಹೊಳೆಯ ದಡದ ಕಾಡಂಚಿಗೆ ಹೊರಡುತ್ತಿದ್ದರು. ದಾರಿಯಲ್ಲಿ ನವಿಲು ಕಂಡರೆ ಕೂಗು, ಜಿಂಕೆ ಕಂಡರೆ ಕೇಕೆ, ಏನೂ ಕಾಣದಿದ್ದರೆ ಹಾಡು. ಎಂಥ ಸುಖದ ದಿನಗಳವು!

ಅಬ್ಬಾನ ತಾಯಿ, ನಮ್ಮ ದಾದಿಮಾ, ಮಾತ್ರ ಬರುತ್ತಿದ್ದುದು ಆನೆಗಾಗಿ. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಹಂಪಾಪುರದಲ್ಲಿ ಬೆಳೆದ ದಾದಿಮಾಗೆ ಜಗಳಕ್ಕೆ ಕನ್ನಡವೇ ಬೇಕು. ಅವರ ಗಂಡ, ನಮ್ಮ ದಾದಾ, ಹಳ್ಳಿ ಹಳ್ಳಿ ತಿರುಗಿ ಕಲಾಯಿ ಹಾಕಿ ಹೊತ್ತು ಮೀರಿ ಮನೆಗೆ ಬಂದಾಗಲೆಲ್ಲ ಆನೆಯ ನೆಪ ಹೇಳುತ್ತಿದ್ದರಂತೆ. "ಹೊಳೆ ತಾವ ಆನೆ ಇದ್ವು ಕಣೇ. ಹುಲ್ಲು ಕಿತ್ತು, ಕಾಲಿಗೆ ಬಡಿದು ಮಣ್ಣುದುರಿಸಿ, ನೀರಲ್ಲಿ ಜಾಲಿಸ್ಕಂಡು ತಿಂತವೆ. ನೋಡ್ತಾ ನಿಂತ್ಬುಟ್ಟೆ." ಅದಕ್ಕೆ ದಾದಿಮಾ, "ಸುಳ್ಳು ಬುಡಿ! ನಾನೇ ಸೊಪ್ಪನ್ನ ಅಷ್ಟು ಜಾಲಿಸಾಕಿಲ್ಲ" ಎಂದು ತಟ್ಟೆ ಕುಕ್ಕುತ್ತಿದ್ದರಂತೆ. ಈ ಜಗಳ ಮುಗಿಯುವ ಮೊದಲೇ ದಾದಾ ಜ್ವರ ಬಂದು ತೀರಿಕೊಂಡರು. ಸತ್ತವರನ್ನು ಸುಳ್ಳುಗಾರ ಅಂದುಬಿಟ್ಟೆನಲ್ಲ ಎಂಬ ಕೊರಗು ದಾದಿಮಾರನ್ನು ಬಿಡಲಿಲ್ಲ. ಆನೆ ಹುಲ್ಲು ತೊಳೆಯುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು, ಅಷ್ಟೇ ಅವರ ಆಸೆ.

ಆದರೆ ನಮ್ಮ ಗಾಡಿಗೆ ಆನೆ ಎಲ್ಲಿಂದ ಕಾಣಬೇಕು? ಕಲಾಯಿಯವರ ಮನೆಯ ಪಾತ್ರೆ ಹಬ್ಬದಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳಬೇಡವೇ ಎಂದು ಅಬ್ಬಾ ಬಿರಿಯಾನಿಯ ಹಂಡೆಯಿಂದ ನೀರಿನ ಲೋಟದವರೆಗೆ ಎಲ್ಲವನ್ನೂ ಹೇರುತ್ತಿದ್ದರು. ಗಾಡಿ ಕುಲುಕಿದಂತೆಲ್ಲ ಢಣಢಣ. ಕಾಡಂಚಿನ ಹಾಡಿಯಲ್ಲಿ ಬೊಮ್ಮಿ ಎಂಬ ಜೇನುಕುರುಬರ ಹೆಂಗಸು ದಾದಿಮಾರ ಗೆಳತಿ. ನಮ್ಮನ್ನು ಕಂಡೊಡನೆ ಸೊಂಟ ಹಿಡಿದುಕೊಂಡು ನಗುತ್ತಿದ್ದಳು. "ಬೂಬಮ್ಮಾ, ನಿಮ್ಮ ಗಾಡಿ ಸದ್ದಿಗೆ ಆನೆಯೆಲ್ಲಾ ಕೇರಳಕ್ಕೆ ಓಡೋದ್ವು ಕಣವ್ವಾ!"

ಅಷ್ಟರಲ್ಲಿ ಕಬಿನಿಗೆ ಅಣೆಕಟ್ಟೆ ಎದ್ದಿತು. ಬರುವ ಮಳೆಗಾಲಕ್ಕೆ ಹುಲ್ಲುಬಯಲೆಲ್ಲ ಮುಳುಗುತ್ತದೆ ಎಂದು ಬೊಮ್ಮಿಯೇ ಸುದ್ದಿ ತಂದಳು. ಆ ವರ್ಷ ದಾದಿಮಾ ಅಪ್ಪಣೆ ಹೊರಡಿಸಿದರು: ಗಾಡಿಗೆ ಒಂದು ಚಮಚವೂ ಏರಕೂಡದು, ಊಟ ಎಲೆಯಲ್ಲಿ. ಅಬ್ಬಾ ಮುಖ ಊದಿಸಿಕೊಂಡು, "ಕಲಾಯಿಯೋರು ಎಲೇಲಿ ಕಟ್ಕಂಡು ಹೋಗೋದಾ? ಜನ ಏನಂದಾರು?" ಎಂದರು. "ಜನ ಅಂದ್ಕಳ್ಳಿ ಬುಡು. ನಿಮ್ಮಪ್ಪನ ಮಾತು ನಿಜವೋ ಸುಳ್ಳೋ ನಂಗೆ ಗೊತ್ತಾಗ್ಬೇಕು." ದಾರಿಯುದ್ದಕ್ಕೂ ಯಾರೂ ಉಸಿರೆತ್ತಲಿಲ್ಲ. ತಮ್ಮನ ಬಾಯಿಗೆ ಅಮ್ಮ ಕೊಬ್ಬರಿಮಿಠಾಯಿ ತುರುಕುತ್ತಲೇ ಇದ್ದಳು.

ಹೊಳೆಯ ಈಚೆ ದಡದ ಬಿದಿರು ಮೆಳೆಯ ಹಿಂದೆ ಬೊಮ್ಮಿ ನಮ್ಮನ್ನು ಕೂರಿಸಿದಳು. ಮಧ್ಯಾಹ್ನ ಇಳಿಯುತ್ತಿರುವಾಗ ಆಚೆ ದಡಕ್ಕೆ ಅವು ಬಂದವು, ದೊಡ್ಡವು, ಸಣ್ಣವು, ತಾಯಿಯ ಹೊಟ್ಟೆಯಡಿ ಅವಿತ ಒಂದು ಮರಿ. ಮುಂದಿದ್ದ ಹೆಣ್ಣಾನೆ ಸೊಂಡಿಲಿಗೆ ಹುಲ್ಲು ಸುತ್ತಿ ಕಿತ್ತಿತು. ಮುಂಗಾಲಿಗೆ ಪಟಪಟ ಬಡಿಯಿತು. ನಾವೆಲ್ಲ ದಾದಿಮಾರ ಮುಖ ನೋಡಿದೆವು. ಆನೆ ನಿಧಾನವಾಗಿ ಎರಡು ಹೆಜ್ಜೆ ನೀರಿಗಿಳಿದು, ಹುಲ್ಲಿನ ಕಟ್ಟನ್ನು ಅತ್ತಿತ್ತ ಜಾಲಾಡಿಸಿ ಬಾಯಿಗಿಟ್ಟುಕೊಂಡಿತು. ದಾದಿಮಾ ಬೊಮ್ಮಿಯ ಕೈ ಹಿಡಿದುಕೊಂಡು, ಸದ್ದು ಬಾರದಂತೆ ಸೆರಗನ್ನು ಬಾಯಿಗೊತ್ತಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ನನಗಂತೂ ಕುಣಿಯುವಷ್ಟು ಸಂತೋಷವಾಗಿತ್ತು.

ಮರಳುವಾಗ, ದಾದಾ ಮಲಗಿದ್ದ ಊರ ಹೊರಗಿನ ಕಬರಸ್ತಾನದ ಬಳಿ ದಾದಿಮಾ ಗಾಡಿ ನಿಲ್ಲಿಸಿದರು. ನಮ್ಮಲ್ಲಿ ಹೆಂಗಸರು ಒಳಗೆ ಹೋಗುವುದಿಲ್ಲ. ಗೋಡೆಗೆ ಒರಗಿ ನಿಂತು, ಸೆರಗು ಸರಿಮಾಡಿಕೊಂಡು, ಅಡುಗೆಮನೆಯಿಂದ ನಡುಮನೆಗೆ ಕೂಗುವಂತೆ ಕೂಗಿದರು:

"ರೀ, ಕೇಳಿಸ್ತಾ? ತೊಳ್ಕಂಡೇ ತಿಂತದೆ ಕಣ್ರೀ. ನೀವೇಳಿದ್ದು ನಿಜ." ಗಾಡಿಯತ್ತ ತಿರುಗಿದವರು ಮತ್ತೆ ಸೇರಿಸಿದರು: "ಆದ್ರೆ ದಿನಾ ತಡವಾಗಿ ಬತ್ತಿದ್ರಲ್ಲ, ದಿನಾ ಆನೆ ಇತ್ತಾ? ಅದನ್ನ ನಾನಲ್ಲಿಗೆ ಬಂದ್ಮೇಲೆ ಕೇಳ್ತೀನಿ."

ಅಬ್ಬಾ ನೊಗದ ಮೇಲೆ ತಲೆಯಿಟ್ಟು ನಕ್ಕರು. ಮುಂದಿನ ಬಾಸಿ ಈದ್‌ಗೆ ಹೋದಾಗ ಆ ಬಯಲಿರಲಿಲ್ಲ, ಕಣ್ಣು ಹಾಯಿಸಿದಷ್ಟು ದೂರ ನೀರೇ. ಈಗ ಆ ಗಾಡಿಯಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ದಾದಿಮಾ ಗೋಡೆಯ ಆಚೆಗೆ ಹೋಗಿಯೂ ಬಹಳ ಕಾಲವಾಯಿತು. ಅದನ್ನು ಕೇಳದೆ ಬಿಟ್ಟಿರಲಾರರು.