ಮೊಳ ಕಡಿಮೆ ಬಿದ್ದ ಕೌದಿ

ಆ ಮನೆಯ ನಡುಮನೆಯ ಗೋಡೆಯಲ್ಲಿ ಒಂಬತ್ತು ಕೊಕ್ಕೆಗಳಿವೆ. ಒಂದೊಂದಕ್ಕೂ ಒಂದು ಹಳೆಯ ದಿಂಬಿನ ಚೀಲ ತೂಗುಹಾಕಿದೆ. ಒಂದೊಂದು ಚೀಲದಲ್ಲೂ ಒಬ್ಬೊಬ್ಬರ ಅರ್ಧ ಕೌದಿ. ಬಾಗಿಲ ಪಕ್ಕದ್ದು ಹೊಲಿಯುವವರ ಅಕ್ಕನದು, ಹತ್ತೊಂಬತ್ತು ವರ್ಷದ ಹಿಂದೆ ಶುರುವಾದದ್ದು. ಅದರ ಆಚೆಯದು ತಮ್ಮನದು, ಅದಕ್ಕೆ ಒಂಬತ್ತು ವರ್ಷ. ಮಗಳದಕ್ಕೆ ನಾಲ್ಕು. ಈ ಡಿಸೆಂಬರಿನಲ್ಲಿ ಕೊನೆಯ ಚೀಲ ಮಾತ್ರ ಖಾಲಿಯಾಗಿ ಜೋತುಬಿದ್ದಿತ್ತು. ಸೊಸೆಯ ಕೌದಿ ಮುಗಿದಿತ್ತು.

ಹೊಲಿಯುವವರನ್ನು ಬೀದಿಯವರು ಕೌದಿಯಮ್ಮ ಎನ್ನುತ್ತಾರೆ. ಅಕ್ಕ ಮಾತ್ರ 'ಅರೆಬರೆ' ಎಂದೇ ಕರೆಯುವುದು. ವಯಸ್ಸು ಅರವತ್ತಮೂರು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ಹರಿದ ಹೊದಿಕೆಗಳಿಗೆ ತೇಪೆ ಹಾಕಿ ನಿವೃತ್ತರಾದವರು. ಅಲ್ಲಿ ಹೊದಿಕೆಗಳೆಲ್ಲ ಒಂದೇ ಅಳತೆ. ಗಿಡ್ಡ ರೋಗಿಗೂ ಅದೇ, ಉದ್ದನೆಯ ರೋಗಿಗೂ ಅದೇ. ಅದನ್ನು ನೋಡಿ ನೋಡಿ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು. ತಮ್ಮ ಕೈಯ ಕೌದಿ ಹೊದೆಯುವವರ ಅಳತೆಗೇ ಇರಬೇಕು: ನೆತ್ತಿಯಿಂದ ಕಾಲಿನ ಹೆಬ್ಬೆರಳವರೆಗೆ, ಮೇಲೊಂದು ಗೇಣು.

ಅಳತೆಯನ್ನು ಬಾಯಿಬಿಟ್ಟು ಕೇಳುವ ಹಾಗಿಲ್ಲ. ವರ್ಷದ ಕೊನೆಯ ರಜೆಗೆ ಮನೆಮಂದಿಯೆಲ್ಲ ಸೇರಿದಾಗ ಕೈಯಾರೆ ಮಾಡಿದ್ದನ್ನು ಕೊಡುವುದು ಅವರ ಪದ್ಧತಿ. ಏನು ಸಿಗುತ್ತದೆಂದು ಮೊದಲೇ ತಿಳಿದುಬಿಟ್ಟರೆ ಕೊಡುವ ಸುಖವೇ ಹೋಯಿತು. ಹಾಗಾಗಿ ಊಟ ಮುಗಿಸಿ ಯಾರಾದರೂ ಅಡ್ಡಾದರೆ ಸಾಕು, ದಾರದ ಉಂಡೆ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ತಲೆಯಿಂದ ಕಾಲವರೆಗೆ ದಾರ ಎಳೆದು, ಗಂಟು ಹಾಕಿಕೊಂಡು ಬರುತ್ತಾರೆ. ಒಮ್ಮೆ ಅಕ್ಕ ಕಣ್ಣುಬಿಟ್ಟು, "ನಾನಿನ್ನೂ ಉಸಿರಾಡ್ತಿದ್ದೀನಿ ಕಣೇ, ಈಗಲೇ ಅಳತೆ ತಗೋಬೇಡ" ಅಂದಿದ್ದರು.

ಅಳತೆಯ ಗಂಟು ಬಿದ್ದ ಕೌದಿಗಳೆಲ್ಲ ಮುಗಿಯುತ್ತವೆ ಎಂದಲ್ಲ. ತುಂಡುಗಳನ್ನು ನೆಲದ ಮೇಲೆ ಹರಡಿ ಬಣ್ಣಕ್ಕೆ ಬಣ್ಣ ಕೂಡಿಸುವಾಗಿನ ಹುಮ್ಮಸ್ಸು ಅಂಚು ಹೊಲಿಯುವ ಹೊತ್ತಿಗೆ ಇರುವುದಿಲ್ಲ. ಅಷ್ಟರಲ್ಲಿ ಇನ್ನೊಬ್ಬರ ಕೌದಿ ಕಣ್ಣಮುಂದೆ ಬಂದಿರುತ್ತದೆ. ಕೌದಿ ಮುಗಿಯದ ವರ್ಷ ಚಿಕ್ಕಪುಟ್ಟ ಉಡುಗೊರೆ: ಕನ್ನಡಕದ ಚೀಲ, ಸೂಜಿ ಚುಚ್ಚಿಡುವ ಪುಟ್ಟ ದಿಂಬು, ಬಿಸಿ ಪಾತ್ರೆ ಹಿಡಿಯುವ ಬಟ್ಟೆ. ಅಕ್ಕನ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆಗಳು ಹತ್ತೊಂಬತ್ತಿವೆ.

ಸೊಸೆಯ ಕೌದಿ ಎಂಟೇ ತಿಂಗಳಲ್ಲಿ ಮುಗಿದದ್ದಕ್ಕೆ ಕಾರಣವಿತ್ತು. ಸೊಸೆ ಬಸ್ಸಿನ ಚಾಲಕಿ. ನಗರದ ಅತಿ ಉದ್ದದ ಬಸ್ಸನ್ನು ಅತಿ ಇಕ್ಕಟ್ಟಿನ ತಿರುವಿನಲ್ಲಿ ಲೀಲಾಜಾಲವಾಗಿ ತಿರುಗಿಸುವವಳು ಅತ್ತೆಯ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ. ಮದುವೆಯಾಗಿ ವರ್ಷ ಕಳೆದರೂ ನೀರು ಬೇಕಾದರೆ ಕೇಳಿಯೇ ಕುಡಿಯುತ್ತಾಳೆ. ಅವಳು ಅತಿಥಿಯಾಗಿ ಉಳಿದುಬಿಡಬಾರದು, ತನ್ನ ಅಳತೆಯದೊಂದು ವಸ್ತು ಈ ಮನೆಯಲ್ಲಿದೆ ಎಂದು ಅವಳಿಗೆ ಅನ್ನಿಸಬೇಕು. ಕೌದಿಯಮ್ಮನಿಗೆ ಬೇಕಾಗಿದ್ದು ಅಷ್ಟೇ.

ರಜೆಗೆ ನಾಲ್ಕು ದಿನ ಇರುವಾಗ, ಮಡಚುವ ಕುರ್ಚಿಗಳನ್ನು ಇಳಿಸಿಹೋಗಲು ಮಗ ಒಬ್ಬನೇ ಬಂದ. ಮೇಜಿನ ಮೇಲೆ ಹಳದಿ, ಹಸಿರು ಚೌಕಗಳ ಕೌದಿ ಹರಡಿತ್ತು.

"ಚೆನ್ನಾಗಿದೆ ಕಣಮ್ಮ. ಯಾವ ಮಗುವಿಗೆ?"

"ಮಗುವಂತೆ ಮಗು! ನಿನ್ನ ಹೆಂಡ್ತಿಗೆ ಕಣೋ."

ಮಗ ನಕ್ಕ. ತಾಯಿ ನಗುತ್ತಿಲ್ಲ ಎಂದು ಗೊತ್ತಾದ ಮೇಲೆ ನಿಲ್ಲಿಸಿದ. "ಅಮ್ಮಾ, ಅವಳು ನನಗಿಂತ ನಾಲ್ಕು ಬೆರಳು ಎತ್ತರ."

"ನಂಗೇನು ಕಣ್ಣಿಲ್ವಾ? ದಾರ ಹಿಡಿದೇ ಅಳತೆ ತಗೊಂಡಿದ್ದೀನಿ. ಕೆಲವರು ನಿಂತಾಗ ಉದ್ದ ಕಾಣ್ತಾರೆ, ಮಲಗಿದ್ರೆ ಅಷ್ಟಿರಲ್ಲ."

ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅವರ ಗಂಡನ ಗಡಿಯಾರ ರಿಪೇರಿ ಅಂಗಡಿ. ಅಲ್ಲಿಂದಲೇ ದನಿ ಬಂತು. "ಗಿಡ್ಡಗಾಯ್ತು ಅಂತ ಮೂರು ತಿಂಗಳ ಹಿಂದೇನೇ ಹೇಳ್ದೆ ಕಣೋ. ನೀವು ನಿಮ್ಮ ಮುಳ್ಳು ನೋಡ್ಕೊಳ್ಳಿ ಅಂದ್ಲು."

"ಯಾವಾಗಮ್ಮ ಅಳೆದಿದ್ದು?" ಮಗ ಕೇಳಿದ.

"ಏಪ್ರಿಲ್‌ನಲ್ಲಿ. ಬೆಳಗಿನ ಪಾಳಿ ಮುಗಿಸ್ಕೊಂಡು ಬಂದು ಇಲ್ಲೇ ಮಲಗಿದ್ಲಲ್ಲ, ಚಾದರ ಹೊದ್ಕೊಂಡು."

"ಮುದುರ್ಕೊಂಡು ಮಲಗಿರ್ತಾಳೆ. ಅವಳು ಕಾಲು ಚಾಚಿ ಮಲಗಿದ್ದನ್ನ ನಾನೇ ನೋಡಿಲ್ಲ. ಅವರ ಮನೇಲಿ ಮೂರು ಹೆಣ್ಣುಮಕ್ಕಳಿಗೆ ಒಂದೇ ಕಂಬಳಿಯಂತೆ. ಇವಳೇ ಉದ್ದ. ತಲೆ ಕಡೆ ಎಳ್ಕೊಂಡ್ರೆ ಕಾಲು ಹೊರಗೆ, ಕಾಲ ಕಡೆ ಎಳ್ಕೊಂಡ್ರೆ ತಂಗಿಯರ ಜಗಳ. ಆಗಿಂದ ಮೊಣಕಾಲನ್ನ ಎದೆಗೆ ಸೇರಿಸ್ಕೊಂಡೇ ನಿದ್ದೆ."

ಕೌದಿಯಮ್ಮ ಒಂದು ಮಡಚುವ ಕುರ್ಚಿ ಬಿಡಿಸಿ ಕೂತರು. ಚಾದರದ ಉಬ್ಬು ಮುಗಿದಲ್ಲಿಗೆ ಅವರು ಗಂಟು ಹಾಕಿದ್ದರು. ಗಿಡ್ಡ ಕಂಬಳಿ ಕಲಿಸಿಕೊಟ್ಟ ಮುದುರನ್ನೇ ಅಳೆದು ಇನ್ನೊಂದು ಗಿಡ್ಡ ಹೊದಿಕೆ ಹೊಲಿದಿದ್ದರು. ಮಗನನ್ನು ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ನಾಲ್ಕು ಬೆರಳಿಟ್ಟು, ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಟೇಪು ಹಿಡಿದರು. ಒಂದು ಗೇಣು ಸೇರಿಸಿ ನೋಡಿದರೆ ಕೌದಿ ಸರಿಯಾಗಿ ಒಂದು ಮೊಳ ಕಡಿಮೆ.

"ಹಾಗೇ ಕೊಡಮ್ಮ. ಕೂತಾಗ ತೊಡೆ ಮೇಲೆ ಹಾಕ್ಕೊಳ್ತಾಳೆ."

"ಬಾಯಿ ಮುಚ್ಚು. ಈ ಮನೆಗೆ ಬಂದ ಮೇಲೂ ಅವಳ ಕಾಲು ಹೊರಗೇ ಇರ್ಬೇಕಾ?"

ಹಳದಿ, ಹಸಿರು ಬಟ್ಟೆ ಒಂದು ತುಂಡೂ ಉಳಿದಿರಲಿಲ್ಲ. ಬಟ್ಟೆಯಂಗಡಿಯಿಂದ ತರುವ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಹಳೆಯ ಬಟ್ಟೆಯ ಪಕ್ಕದಲ್ಲಿ ಹೊಸ ಬಟ್ಟೆ ಸೇರಿಸಿದರೆ ಮೊದಲ ಒಗೆತಕ್ಕೇ ಹೊಸದು ಕುಗ್ಗಿ, ಹಳೆಯದನ್ನು ಎಳೆದು, ಇಡೀ ಕೌದಿ ಸುಕ್ಕಾಗುತ್ತದೆ. ಮೂವತ್ತೊಂದು ವರ್ಷದಲ್ಲಿ ಅಂಥವನ್ನು ಅವರು ಬೇಕಾದಷ್ಟು ಕಂಡಿದ್ದರು. ಬೇಕಾಗಿದ್ದದ್ದು ಒಗೆದು ಒಗೆದು ಪಳಗಿದ, ಚೌಕಕ್ಕೆ ಚೌಕ ಆಗಲೇ ಜೋಡಿಸಿದ ಸಾಲು. ಅಂಥವು ಮನೆಯಲ್ಲೇ ಇದ್ದವು, ಗೋಡೆಯ ಮೇಲೆ. ಆದರೆ ಅವೆಲ್ಲ ಬೇರೆಯವರ ಕೌದಿಗಳು. ಒಂದು ಸಾಲಿನ ಅಗಲ ಆರು ಇಂಚು. ಮೂರು ಸಾಲು ಸೇರಿದರೆ ಒಂದು ಮೊಳ.

ಕೌದಿಯಮ್ಮ ಫೋನು ಹಿಡಿದರು. ಹೇಳದೆ ಬಿಚ್ಚುವುದು ಅವರಿಗೆ ಒಗ್ಗದ ಕೆಲಸ.

ತಮ್ಮ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ಒಂದ್ಯಾಕೆ, ಎರಡು ತಗೋ. ನಂದು ಮುಗಿಯುತ್ತೆ ಅಂತ ನಂಬೋ ಅಷ್ಟು ಪೆದ್ದನಾ ನಾನು?"

ಮಗಳು ಚೌಕಾಸಿ ಮಾಡಿದಳು. "ಕೆಂಪು ಸಾಲು ಮುಟ್ಟಬೇಡ. ನೀಲಿದು ತಗೋ. ಮತ್ತೆ ನೀಲಿ ಹೂವಿಂದು ಅಲ್ಲ, ಬರೀ ನೀಲಿ. ಕಣ್ಣಾರೆ ನೋಡಿ ಬಿಚ್ಚಮ್ಮ, ನಿನ್ನನ್ನ ನಂಬಕ್ಕಾಗಲ್ಲ."

ಅಕ್ಕನದು ಕೊನೆಗೆ.

"ಹತ್ತೊಂಬತ್ತು ವರ್ಷ ಹೊಲಿದೆ," ಅಂದರು ಅಕ್ಕ. "ಈಗ ಬಿಚ್ಚಕ್ಕೆ ಶುರುಮಾಡಿದ್ಯಾ?"

"ಒಂದೇ ಸಾಲು ಅಕ್ಕ."

"ನಾನು ಸಾಯೋದ್ರೊಳಗೆ ಅದು ಕೌದಿ ಹೋಗಿ ಕರವಸ್ತ್ರ ಆಗುತ್ತೆ. ಕೊಡಲ್ಲ."

ಕೌದಿಯಮ್ಮ ಸೊಸೆಯ ತವರಿನ ಕಂಬಳಿಯ ಕಥೆ ಹೇಳಿದರು. ಅಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಎಷ್ಟು ಕಮ್ಮಿಯಾಗಿದೆ ಅಂದೆ?"

"ಒಂದು ಮೊಳ."

"ಒಂದು ಮೊಳ! ಅದು ಅಳತೆಯೇನೇ? ನೀನು ಯಾವುದನ್ನೂ ಮುಟ್ಟಬೇಡ. ನಾಳೆ ಬರ್ತೀನಿ. ನನ್ನ ಕಣ್ಣೆದುರಿಗೇ ಬಿಚ್ಚು."

ಮಾರನೆಯ ಬೆಳಗ್ಗೆ ಎಂಟೂವರೆಗೆ ಅಕ್ಕ ತಮ್ಮದೇ ಕತ್ತರಿ, ತಮ್ಮದೇ ಕೂರುವ ದಿಂಬು ಸಮೇತ ಬಂದಿಳಿದರು. ಹೊಲಿಗೆ ಬಿಚ್ಚುವ ಕೆಲಸ ಗಡಿಯಾರದವರ ಪಾಲಿಗೆ ಬಿತ್ತು. ಅವರು ಅಂಗಡಿಯ ಬಾಗಿಲು ಅರ್ಧ ಎಳೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಣ್ಣ ಚಿಮಟದಿಂದ ಒಂದೊಂದೇ ಹೊಲಿಗೆ ಎತ್ತಿದರು. ಬಟ್ಟೆಗೆ ಒಂದು ಗೀರೂ ಬೀಳಲಿಲ್ಲ. "ಗಡಿಯಾರಕ್ಕಿಂತ ಇದೇ ಸುಲಭ," ಅಂದರು. "ಇದರಲ್ಲಿ ಯಾವುದೂ ಹಾರಿ ಮಂಚದ ಕೆಳಗೆ ಹೋಗಲ್ಲ."

ನಡುಮನೆಯ ನೆಲದ ಮೇಲೆ ಅಕ್ಕತಂಗಿಯರು ಎದುರುಬದುರು ಕೂತರು. ಅಕ್ಕನ ಸಾಲು ಬಿಳಿ ಮತ್ತು ಇಟ್ಟಿಗೆ ಬಣ್ಣ, ತಮ್ಮನದು ಬೂದು, ಮಗಳದು ಬರೀ ನೀಲಿ. ಯಾವುದೂ ಹಳದಿ, ಹಸಿರಿಗೆ ಹೊಂದುವಂಥದಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು.

"ನಂದು ಕೊನೆಗಿರ್ಲಿ," ಅಂದರು ಅಕ್ಕ.

"ಕೊನೆಗೆ ಗಾಢ ಬಣ್ಣ ಇರ್ಬೇಕು ಅಕ್ಕ, ಕೊಳೆ ಕಾಣಲ್ಲ."

"ಕೊಳೆ ಆದ್ರೆ ಒಗಿ. ಆಸ್ಪತ್ರೇಲಿ ಅಷ್ಟು ವರ್ಷ ಮತ್ತಿನ್ನೇನು ಕಲ್ತೆ?"

ಒಳಗೆ ಹಳೆಯ ಚಾದರದ ಪದರ, ಕೆಳಗೆ ಬಿಳಿಯ ಅಸ್ತರು, ಮೇಲೆ ಮೂರು ಸಾಲು. ಪಿನ್ನು ಚುಚ್ಚಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ. ಎರಡನೆಯ ದಿನ ಸಂಜೆ ನಾಲ್ಕಕ್ಕೆ ಅಂಚು ಮುಗಿಯಿತು. ಅಕ್ಕ ಗೋಡೆಯ ಪೆನ್ಸಿಲ್ ಗೆರೆಗೆ ಕೌದಿಯನ್ನು ತಾವೇ ಹಿಡಿದು ನೋಡಿ, ಇನ್ನೊಮ್ಮೆ ನೋಡಿ, "ಹ್ಞೂಂ" ಅಂದರು. ಅವರ ಬಾಯಿಂದ ಅದು ದೊಡ್ಡ ಹೊಗಳಿಕೆ.

ರಜೆಯ ದಿನ ಹನ್ನೊಂದರ ಹೊತ್ತಿಗೆ ಹನ್ನೆರಡು ಜನ ಸೇರಿದರು. ಉಡುಗೊರೆಯ ಗಂಟುಗಳು ಬಿಚ್ಚಿಕೊಂಡವು. ತಮ್ಮನಿಗೆ ಕನ್ನಡಕದ ಚೀಲ, ಮಗಳಿಗೆ ಹೆಗಲಿಗೆ ಹಾಕುವ ಚೀಲ. ಅಕ್ಕ ತಮ್ಮ ಇಪ್ಪತ್ತನೆಯ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು, ಮನೆಯೆಲ್ಲ ನಕ್ಕಿತು.

ಸೊಸೆ ತನ್ನ ಗಂಟನ್ನು ಮೆಲ್ಲಗೆ ಬಿಚ್ಚಿದಳು. ಬಿಡಿಸಿದಳು, ಇನ್ನೂ ಬಿಡಿಸಿದಳು. ಕೌದಿ ಮುಗಿಯಲೇ ಇಲ್ಲ. ತಲೆಯ ಮಟ್ಟಕ್ಕೆ ಎತ್ತಿ ಹಿಡಿದರೂ ಕೊನೆಯ ಸಾಲು ನೆಲದ ಮೇಲೆಯೇ ಇತ್ತು.

"ಅತ್ತೆ, ಇದು ಇಬ್ಬರಿಗಾ?"

"ನಿನಗೊಬ್ಬಳಿಗೇ. ಮಲಗಿ ನೋಡು."

"ಈಗಲಾ? ಇಷ್ಟು ಜನರ ಎದುರಿಗಾ?"

"ಮಲಗಮ್ಮ," ಅಂದರು ಅಕ್ಕ. "ನನ್ನ ಸಾಲು ಹೋಗಿದೆ ಅದಕ್ಕೆ. ನಾನು ನೋಡ್ಬೇಕು."

ಸೊಸೆ ನಾಚಿಕೊಂಡೇ ಚಾಪೆಯ ಮೇಲೆ ಮಲಗಿ ಕೌದಿ ಎಳೆದುಕೊಂಡಳು. ಮಲಗಿದ ಕೂಡಲೇ ಮೊಣಕಾಲು ಎದೆಗೆ ಬಂತು.

"ಕಾಲು ಚಾಚು," ಅಂದರು ಕೌದಿಯಮ್ಮ.

ಅವಳು ಸ್ವಲ್ಪ ಚಾಚಿದಳು. ಹಳದಿ ಹಸಿರು ಮುಗಿಯುವಲ್ಲಿಗೆ ಪಾದ ತಾನಾಗಿ ನಿಂತಿತು. ಮುಂದೆ ಚಳಿ ಇರುತ್ತದೆಂದು ಅದಕ್ಕೆ ಗೊತ್ತಿದ್ದಂತಿತ್ತು.

"ಇನ್ನೂ ಇದೆ. ಚಾಚು."

ನೀಲಿ ಸಾಲು ಉಬ್ಬಿತು. ಆಮೇಲೆ ಬೂದು. ಅಕ್ಕನ ಇಟ್ಟಿಗೆ ಬಣ್ಣದ ಸಾಲಿಗಿಂತ ಮೊದಲೇ ಪಾದ ನಿಂತಿತು, ಈ ಸಲ ನೆಟ್ಟಗೆ. ಒಳಗೆ ಹತ್ತು ಬೆರಳು ಒಂದಾದ ಮೇಲೊಂದು ಅಲ್ಲಾಡಿದ್ದು ಹೊರಗಿನವರಿಗೆ ಕಾಣಿಸಿತು. ಸೊಸೆ ಕೌದಿಯನ್ನು ತಲೆಯ ಮೇಲೂ ಎಳೆದುಕೊಂಡಳು. ಒಳಗಿನಿಂದ ಕೇಳಿದಳು, "ಕಾಲು ಕಾಣ್ತಿದೆಯಾ?"

"ಇಲ್ಲ!" ಅಂದಿತು ಮನೆಯೆಲ್ಲ.

ಅವಳು ಏಳಲಿಲ್ಲ. ಮೊದಲು ನಗುತ್ತಿದ್ದಾಳೆ ಅಂದುಕೊಂಡರು. ಆಮೇಲೆ ಉಸಿರು ನಿಧಾನವಾಯಿತು. ಬೆಳಗಿನ ಐದರ ಪಾಳಿ ಮುಗಿಸಿ ಬಂದಿದ್ದವಳು. ಮಗ ಎಬ್ಬಿಸಲು ಬಗ್ಗಿದಾಗ ಅಕ್ಕ ಅವನ ಕೈಗೊಂದು ಏಟು ಕೊಟ್ಟರು.

ಊಟದ ಹೊತ್ತಿಗೆ ಹನ್ನೊಂದು ಜನ ತಟ್ಟೆ ಹಿಡಿದು, ನಡುಮನೆಯಲ್ಲಿ ಉದ್ದಕ್ಕೆ ಮಲಗಿದ್ದವಳನ್ನು ಸುತ್ತು ಹಾಕಿಕೊಂಡೇ ಅಡುಗೆಮನೆಗೆ ಹೋಗಿಬಂದರು. ಅದು ಸ್ವಲ್ಪ ದೊಡ್ಡ ಸುತ್ತೇ ಆಗಿತ್ತು.